ಬೆರಳು ಓದಿದ ಹಾಡುಗಳು

ಹಳೆಯ ವೈರುಗಳ ಡಬ್ಬ ಖಾಲಿ ಮಾಡುವಾಗ ಮೊನ್ನೆ ಕೈಗೆ ಒಂದು ಲಾಕ್ ಸಿಕ್ಕಿತು. ಬೆಂಕಿಪೊಟ್ಟಣದಷ್ಟು ದೊಡ್ಡದು, ಮಾಸಿದ ಬಿಳಿ ಬಣ್ಣ. ಹಿಂದೆ ಅಚ್ಚಿನ ಪುಟ ಜೋಡಿಸುವ ಕನ್ನಡ ಡಿಟಿಪಿ ಸಾಫ್ಟ್‌ವೇರ್ ಕೊಂಡವರಿಗೆ ಇದನ್ನೂ ಕೊಡುತ್ತಿದ್ದರು. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸದಿದ್ದರೆ ಕನ್ನಡದ ಒಂದಕ್ಷರವೂ ಮೂಡುತ್ತಿರಲಿಲ್ಲ. ಎಸೆಯಲು ಹೋದವನು ಹಾಗೇ ಹಿಡಿದುಕೊಂಡು ಕೂತೆ. ಅದು ಮಲಾಡಿನ ಟೈಪಿಂಗ್ ಅಕ್ಕನದು...

ಮುಂಬಯಿಯ ನಮ್ಮ ಕನ್ನಡಿಗರ ಮದುವೆ ಕಾಗದ, ಗೃಹಪ್ರವೇಶದ ಕರೆಯೋಲೆ, ಸಂಘದ ಮಾಸಪತ್ರಿಕೆ, ಎಲ್ಲವೂ ಸ್ಟೇಷನ್ ಹತ್ತಿರದ ಚಾಲ್ ಎಂಬ ವಠಾರದಲ್ಲಿ ಅಕ್ಕನ ಒಂದೇ ಕೋಣೆಯಲ್ಲಿ ತಯಾರಾಗುತ್ತಿದ್ದವು. ಅಕ್ಕ ವಿಜಯಪುರದ ಕಡೆಯವರು. ಬಿಡುವಾದಾಗ ತಮ್ಮ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಅಕ್ಕಿ ಆರಿಸುತ್ತ ಹೇಳಿದ ಬೀಸುವ ಹಾಡುಗಳನ್ನು ಟೈಪು ಮಾಡುತ್ತಿದ್ದರು. ಅವ್ವನಿಗೆ ಓದು ಬರಹ ಇರಲಿಲ್ಲ. ಊರಿನವರದೆಲ್ಲ ಅಚ್ಚಾಗುತ್ತಿತ್ತು, ಅವ್ವನ ಹಾಡುಗಳನ್ನು ಅಚ್ಚು ಹಾಕಿಸಲು ಮಾತ್ರ ಅಕ್ಕನಿಗೆ ಪುರಸೊತ್ತಾಗಲಿಲ್ಲ. ಅವ್ವ ತೀರಿಕೊಂಡ ಮೇಲೆ ಅವು ಉಳಿದದ್ದು ಕಂಪ್ಯೂಟರಿನ ಒಂದು ಫೈಲಿನಲ್ಲಿ.

ನಾನು ಆಗ ಕಾಂದಿವಲಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿಯವನು. ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಕನ್ನಡ ಓದಲು ತಡವರಿಸುತ್ತಿದ್ದೆ. ಜಂಬಕ್ಕೇನೂ ಕೊರತೆ ಇರಲಿಲ್ಲ. ಅಕ್ಕನ ಕಂಪ್ಯೂಟರ್ ತೆವಳುವುದನ್ನು ನೋಡಲಾರದೆ, ಅವರು ಬೀಗದ ಕೈ ನನಗೆ ಕೊಟ್ಟು ಧಾರಾವಿಗೆ ತಂಗಿಯ ಮನೆಗೆ ಹೋದ ದಿನ, ಒಂದು ಮಾತೂ ಕೇಳದೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಬಿಟ್ಟೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಹೊಸ ಸಿಸ್ಟಮ್ಮಿಗೆ ಆ ಲಾಕಿನ ಗುರುತೇ ಸಿಗಲಿಲ್ಲ. ಹಳೆಯ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದೆ, ಹಳೆಯದನ್ನೂ ನಡೆಸಬಲ್ಲ ಕಂಪ್ಯಾಟಿಬಿಲಿಟಿ ಮೋಡಿನಲ್ಲಿ ತೆರೆದು ನೋಡಿದೆ, ಜಗ್ಗಲಿಲ್ಲ. ಹಿಂದಿನ ಸಿಸ್ಟಮ್ಮಿಗೇ ಮರಳೋಣವೆಂದರೆ ಅದರ ಸಿಡಿ ಎಂದೋ ಹಾಳಾಗಿತ್ತು. ಅವ್ವನ ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

"ನಮ್ಮವ್ವನ ಹಾಡು ಎಲ್ಲಿ ಅದಾವೋ ತಮ್ಮಾ?" ಎಂದರು ಅಕ್ಕ, ಸಂಜೆ ಬಂದವರೇ.

"ಫೈಲ್ ಉಂಟು ಅಕ್ಕಾ... ಕನ್ನಡ ಕಾಣುದಿಲ್ಲ. ನನ್ನದೇ ಗಲ್ತಿ."

ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಪರದೆಯೆದುರು ಕೂತರು. ಆಮೇಲೆ ಕೀಬೋರ್ಡಿನ ಮೇಲೆ ಕೈಯಿಟ್ಟು, ಪರದೆಯಲ್ಲಿದ್ದ ಇಂಗ್ಲಿಷ್ ಅಕ್ಷರಗಳ ಕೀಲಿಗಳನ್ನೇ ಒಂದೊಂದಾಗಿ, ಒತ್ತದೆ, ಬರೀ ಮುಟ್ಟುತ್ತ ಹೋದರು. ಕನ್ನಡ ಟೈಪ್‌ರೈಟರಿನಲ್ಲಿ ಕಲಿತವರು, ಕಂಪ್ಯೂಟರಿನಲ್ಲೂ ಕೀಲಿಗಳ ಕ್ರಮ ಅದೇ; ಯಾವ ಕೀಲಿಯಲ್ಲಿ ಯಾವ ಕನ್ನಡ ಅಕ್ಷರವಿದೆಯೆಂದು ಬೆರಳಿಗೆ ಗೊತ್ತಿತ್ತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗುನುಗತೊಡಗಿದ್ದರು.

"ಕಣ್ಣಿಗೆ ತಿಳಿಯಂಗಿಲ್ಲ, ಬೆರಳಿಗೆ ತಿಳಿತೈತಿ. ನಾ ಹಾಡ್ತೀನಿ, ನೀ ಬರ್ಕೋ."

ಅಂದಿನಿಂದ ಪ್ರತಿ ಭಾನುವಾರ ಅಕ್ಕ ಹಾಡಿದರು, ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಯಾವ ಕಂಪ್ಯೂಟರಿನಲ್ಲೂ ಕಾಣುವ ಯುನಿಕೋಡಿಗೆ ಇಳಿಸಿದೆ. ತಪ್ಪಿದರೆ ಸ್ಕೇಲಿನಿಂದ ಮೆಲ್ಲಗೆ ಮೊಣಕೈಗೆ ತಟ್ಟುತ್ತಿದ್ದರು. ನನಗೆ ಒತ್ತಕ್ಷರ ಸರಿಯಾಗಿ ಬಂದದ್ದು ಅಲ್ಲೇ. ಹಾಳು ಮಾಡಿದವನನ್ನೇ ಕೂರಿಸಿಕೊಂಡು ಕಲಿಸಿದರಲ್ಲ, ಆ ಪ್ರೀತಿಗೆ ಏನೆನ್ನಲಿ... ಅರ್ಧಕ್ಕಿಂತ ಹೆಚ್ಚು ಹಾಡುಗಳು ಮುಗಿದಿದ್ದವು. ಅಷ್ಟರಲ್ಲಿ ಅಕ್ಕ ಆಸ್ಪತ್ರೆ ಸೇರಿದರು, ಮರಳಲಿಲ್ಲ. ಫೈಲಿನ ಪ್ರತಿಯೂ ಆ ಲಾಕೂ ನನ್ನ ಬಳಿಯೇ ಉಳಿದವು.

ಈಗ ಅಕ್ಷರ ಬದಲಿಸುವ ಪ್ರೋಗ್ರಾಮುಗಳಿವೆ. ಮೊನ್ನೆ ಲಾಕ್ ಸಿಕ್ಕ ಮೇಲೆ ಉಳಿದ ಹಾಡುಗಳನ್ನು ಅಂಥದ್ದೊಂದಕ್ಕೆ ಕೊಟ್ಟೆ; ಚಹಾ ಆರುವ ಮೊದಲೇ ಎಲ್ಲವೂ ಕನ್ನಡವಾದವು. ಹೆಂಡತಿಯೆದುರು ಓದಿದೆ, ಪೇಪರು ಓದಿದ ಹಾಗೆ ಕೇಳಿಸಿತು. "ಇದರ ಧಾಟಿ ಹೇಗೆ?" ಎಂದಳು. ಗೊತ್ತಿಲ್ಲವೆಂದೆ. ಅಕ್ಕ ಹಾಡಿ ಬರೆಸಿದವುಗಳ ಧಾಟಿಯೂ ಈಗ ಮಸುಕು. ಅಷ್ಟು ಭಾನುವಾರ ಅವರು ನನ್ನ ಪಕ್ಕದಲ್ಲಿ ಕೂತು ಹಾಡಿದರು, ನನ್ನ ಮೊಬೈಲು ಮೇಜಿನ ಮೇಲೇ ಇತ್ತು. ಒಂದು ದಿನವೂ ರೆಕಾರ್ಡ್ ಮಾಡಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.