ಸೊನ್ನೆಗೆ ಬೀಗ

ಮಂಜೇಶ್ವರದ ಮಗ್ದಲಿನ್ ಬಾಯಿ ಕೊರಳಿನ ಸರದಲ್ಲಿ ಶಿಲುಬೆಯ ಪಕ್ಕ ಒಂದು ಕೀಲಿಕೈಯನ್ನೂ ನೇತುಹಾಕಿಕೊಂಡಿದ್ದಳು. ಕಪಾಟಿನದ್ದಲ್ಲ, ಟೆಲಿಫೋನಿನದ್ದು. ಅದನ್ನು ತಿರುಗಿಸಿಟ್ಟರೆ ಸೊನ್ನೆಯಿಂದ ಶುರುವಾಗುವ ಯಾವ ನಂಬರೂ ಹೋಗದು. ಆ ಬೀಗ ಇದ್ದದ್ದು ಸೊಸೆ ಎಲ್ವಿಟಾಳಿಗೆಂದೇ.

ಎಲ್ವಿಟಾ ಮಂಗಳೂರಿನವಳು. ಸೀರೆಗೂ ಮಂಗಳೂರು, ಆಸ್ಪತ್ರೆಗೂ ಮಂಗಳೂರು. ಬಸ್ಸು ಹತ್ತಿದರೆ ತೂಕಡಿಕೆ ಬರುವ ಮೊದಲೇ ಮಂಗಳೂರು. ಟೆಲಿಫೋನಿನ ಲೆಕ್ಕಕ್ಕೆ ಮಾತ್ರ ಅದು ಪರಊರು. ಗಡಿಯ ತಲಪಾಡಿಯ ಆಚೆ 0824, ಈಚೆ 04998. ರಾಜ್ಯ ಹಂಚಿದವರು ಎಳೆದ ಗೆರೆಯನ್ನು ಟೆಲಿಫೋನಿನವರು ಮನೆಮನೆಯೊಳಕ್ಕೆ ತಂದಿಟ್ಟರು. ಮದುವೆ ಕಾಗದದಲ್ಲಿ 04998 ಕಂಡು ಎಲ್ವಿಟಾಳ ನೆಂಟರು, "ಅಯ್ಯೋ, ಕೇರಳಕ್ಕೆ ಕೊಟ್ಟದ್ದಾ ಹುಡುಗಿಯನ್ನು?" ಎಂದು ಮೂಗು ಮುರಿದಿದ್ದರು.

ಮಗ್ದಲಿನ್ ಅದನ್ನು ಮರೆಯಲಿಲ್ಲ. ನಮ್ಮ ನಂಬರು ನಿಮಗೆ ಕೀಳಾದರೆ ನಿಮ್ಮ ನಂಬರು ನಮ್ಮ ಮನೆಯಿಂದ ಹೋಗುವುದೇ ಬೇಡ! ಮಗ ಅಲ್ರಾಯ್ ಹಡಗಿನ ಕೆಲಸಕ್ಕೆ ಹೊರಟ ವಾರವೇ ಬೀಗ ಬಿತ್ತು. ಮಗ್ದಲಿನ್‌ಳ ಸ್ವಂತ ಮಗಳು ಪಿಂಕಿಯೂ ಮಂಗಳೂರಿನಲ್ಲೇ ಇದ್ದಳು. ಅವಳಿಗೆ ಮಾಡಲು ಮಾತ್ರ ಕೀಲಿಕೈ ಕೊರಳಿನಿಂದ ಇಳಿಯುತ್ತಿತ್ತು. ಎಲ್ವಿಟಾಳ ತಾಯಿಯೇ ಫೋನು ಮಾಡಿದರೆ, "ಅವಳು ಮೀಯಲಿಕ್ಕೆ ಹೋಗಿದ್ದಾಳೆ" ಎಂದು ಮಗ್ದಲಿನ್ ರಿಸೀವರು ಕುಕ್ಕಿಬಿಡುವಳು. ಹೊತ್ತುಹೊತ್ತಿಗೆ ಮೀಯುವ ಸೊಸೆ! ಹಾಳು ಹಟಕ್ಕೆ ನಾಚಿಕೆಯೂ ಇರಲಿಲ್ಲ.

ಒಂದು ಹರತಾಳದ ದಿನ ಎಲ್ವಿಟಾಳ ತಮ್ಮ ಆಸ್ಟಿನ್ ಫೋನಿನಲ್ಲಿ ಮಗ್ದಲಿನ್‌ಗೆ ಸುದ್ದಿ ಹೇಳಿದ: ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಮಗಳ ಸ್ವರ ಕೇಳಬೇಕು ಅನ್ನುತ್ತಾಳೆ. ಮಗ್ದಲಿನ್ ಅದನ್ನು ಸೊಸೆಗೆ ತಿಳಿಸಿದ್ದು ಫೋನು ಇಟ್ಟ ಮೇಲೆಯೇ. ಹರತಾಳವೆಂದರೆ ಬಸ್ಸಿಲ್ಲ, ಪೇಟೆಯ ಫೋನು ಬೂತು ಮುಚ್ಚಿದೆ. ನೆರೆಮನೆಯ ಫೋನು ಮೊದಲೇ ಸತ್ತಿತ್ತು.

"ಮಾಯಿ, ಕೀ ಕೊಡಿ. ಎರಡೇ ಮಾತು," ಎಂದಳು ಎಲ್ವಿಟಾ. ಅವರಲ್ಲಿ ಅತ್ತೆಯನ್ನು ಮಾಯಿ ಎಂದೇ ಕರೆಯುವುದು.

"ನಾಳೆ ಬಸ್ಸು ಉಂಟಲ್ಲ, ಹೋಗಿಯೇ ಮಾತಾಡು. ಎಂತ ಗಡಿಬಿಡಿ?"

ಮರುದಿನ ಅವಳು ಮುಟ್ಟುವಾಗ ತಾಯಿಯ ಮಾತು ನಿಂತಿತ್ತು. ಸಂಜೆಗೆ ಜೀವವೂ ಹೋಯಿತು.

ಏಳನೆಯ ದಿನದ ಪೂಜೆ ಮುಗಿಸಿ ಬಂದ ಸೊಸೆ ಬಾಯಿ ತೆರೆದು ಜಗಳವಾಡಿದ್ದರೆ ಮಗ್ದಲಿನ್‌ಗೆ ಹಾಯೆನಿಸುತ್ತಿತ್ತು. ಎಲ್ವಿಟಾ ತಣ್ಣಗೆ ಗಂಜಿ ಬಡಿಸಿದಳು. ಮುದುಕಿಗೆ ಹೆದರಿಕೆಯಾಯಿತು. ಆದರೂ ಕೀಲಿಕೈ ತೆಗೆಯಲಿಲ್ಲ. ತೆಗೆದರೆ ತಪ್ಪು ಒಪ್ಪಿಕೊಂಡ ಹಾಗೆ.

ಮರುವರ್ಷ ಮಗ್ದಲಿನ್ ಜಗಲಿಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಎಲ್ವಿಟಾ ಎತ್ತಿ ತಂದು ಫೋನಿನ ಪಕ್ಕದ ಬೆಂಚಿನಲ್ಲಿ ಮಲಗಿಸಿದಳು.

"ಪಿಂಕಿಗೆ ಫೋನು ಮಾಡೇ... ಇಗೋ ಕೀ..." ಸರ ಕೂದಲಿಗೆ ಸಿಕ್ಕಿ ಬರಲೊಲ್ಲದು. ಅಷ್ಟರಲ್ಲಿ ಎಲ್ವಿಟಾ ನಂಬರು ಒತ್ತಿಯಾಗಿತ್ತು.

"ಕೀ ಅಲ್ಲೇ ಇರಲಿ ಮಾಯಿ. ಹತ್ತಿರದ ಊರಿಗೆ ಈಗ ಸೊನ್ನೆ ಬೇಡ. ತೊಂಬತ್ತೈದು ಒತ್ತಿದರೆ ಆಯ್ತು, ಬೀಗ ತಡೆಯುವುದಿಲ್ಲ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಕಾದಂತಾಗಿತ್ತು. ಆ ನೋವಿನಲ್ಲೂ ಮಗ್ದಲಿನ್‌ಗೆ ಸಿಟ್ಟು ನೆತ್ತಿಗೇರಿತು.

"ಯಾವಾಗಿನಿಂದ ಗೊತ್ತುಂಟು ನಿನಗೆ?"

"ಈ ವರ್ಷ ಹೊಸ ಕ್ರಮ ಬಂದಾಗಿನಿಂದ."

"ಹಾಗಾದರೆ ನನ್ನ ಬೆನ್ನ ಹಿಂದೆ ಮಂಗಳೂರಿಗೆ ಮಾಡಿದ್ದೇ ಮಾಡಿದ್ದು!"

"ಇಲ್ಲ." ಎಲ್ವಿಟಾ ರಿಸೀವರನ್ನು ಅತ್ತೆಯ ಕಿವಿಗೆ ಒತ್ತಿ ಹಿಡಿದಳು. "ಯಾರಿಗೆ ಮಾಡುವುದು? ನನ್ನ ಅಮ್ಮ ಎತ್ತುತ್ತಾಳಾ?"

ಆ ಕಡೆ ಪಿಂಕಿ "ಹಲೋ, ಹಲೋ" ಅನ್ನುತ್ತಿದ್ದಳು.