ಬಂಡಿದಾರಿಯ ಮೇಲಿನ ಜೋಳ

ನಮ್ಮೂರು ಮಟಕಿಯ ಅಜೀಜಾಬಿಗೆ ಹೊಲವಿತ್ತು, ಹೊಲಕ್ಕೆ ಹೋಗಲು ದಾರಿ ಇರಲಿಲ್ಲ. ಇದ್ದ ದಾರಿಯನ್ನು ಮುಂದಿನ ಹೊಲದ ಕಲ್ಲಿನಾಥ ಉತ್ತುಬಿಟ್ಟಿದ್ದ. ನಾನು ಅವಳ ಮಗ್ಗುಲ ಮನೆಯವಳು. ನನ್ನ ಬಾಯಿ ಜೋರು ಅನ್ನುತ್ತಾರೆ, ಅನ್ನಲಿ. ಅವಳು ಪಟ್ಟ ಪಾಡು ಕಂಡು ಬಾಯಿ ಮುಚ್ಚಿಕೊಂಡಿರಲು ನನಗಂತೂ ಆಗಲಿಲ್ಲ.

ಕಲ್ಲಿನಾಥನ ಹೊಲ ಡಾಂಬರು ರಸ್ತೆಗೆ ಹತ್ತಿಕೊಂಡಿದೆ. ಅಜೀಜಾಬಿಯದು ಅದರ ಹಿಂದೆ, ಹಳ್ಳದ ದಂಡೆಗೆ. ಅವಳ ಮಾವನ ಕಾಲದಿಂದಲೂ ಬಂಡಿ ಕಲ್ಲಿನಾಥನ ಹೊಲದ ನಡುವೆಯೇ ಹಾದು ಹೋಗುತ್ತಿತ್ತು. ಗಂಡ ಸರ್ದಾರ ತೀರಿಕೊಂಡ ಮೇಲೆ ಕಲ್ಲಿನಾಥ ಒಂದು ದಿನ ಬಂದು, ಹೊಲ ನನಗೇ ಮಾರು ಎಂದ. ಇವಳು ಒಲ್ಲೆ ಎಂದಳು. ಅದೇ ವರ್ಷ ದಾರಿಯ ಮೇಲೆ ಟ್ರ್ಯಾಕ್ಟರ್ ಹರಿಯಿತು, ದಾರಿಯ ಬಾಯಿಗೆ ಜಾಲಿಮುಳ್ಳು ಬಿತ್ತು. ದಾರಿ ಇಲ್ಲದ ಹೊಲವನ್ನು ಬೇರೆ ಯಾರು ಕೊಳ್ಳುತ್ತಾರೆ? ಇಂದಲ್ಲ ನಾಳೆ ತನ್ನ ಹತ್ತಿರವೇ ಬರಬೇಕು ಎಂದು ಅವನು ಕಾದು ಕೂತ.

ಅಜೀಜಾಬಿ ಹಳ್ಳಕ್ಕೆ ಇಳಿದು, ಮುಳ್ಳು ತುಳಿದು, ಸುತ್ತುಹಾಕಿ ಹೊಲಕ್ಕೆ ಹೋದಳು. ಆ ವರ್ಷದ ತೊಗರಿಯನ್ನು ತಲೆಯ ಮೇಲೆ ಹೊತ್ತು ತಂದಳು. ಹೊರಲಾಗದ್ದು ಅಕಾಲದ ಮಳೆಗೆ ಹೊಲದಲ್ಲೇ ಕೊಳೆಯಿತು. ಕಾಳು ಒಕ್ಕುವ ರಾಶಿ ಮಷಿನ್ ಹೋಗದ ಹೊಲ ಇಟ್ಟುಕೊಂಡು ಏನು ಮಾಡುವುದೆಂದು ಮಗ ಮುಜಮ್ಮಿಲನಿಗೆ ಬೇಸರ ಬಂದಿತ್ತು.

"ಅಮ್ಮಾ, ಕೊಟ್ಟಬಿಡೂಣು. ಕೋರ್ಟ್ ಕಟ್ಟಿ ಹತ್ತಿದವ್ರು ಯಾರ ಉದ್ಧಾರ ಆಗ್ಯಾರ?"

"ಹೊಲಾ ಕೊಟ್ಟು ಮನ್ಯಾಗ ಕುಂತು ನಾ ಏನ್ ಮಾಡ್ಲೊ? ನಿನ್ನ ಹೇಣ್ತಿ ಕೂಡ ಜಗಳಾ ತೆಗೀಲೇನು?" ಎಂದಳು ಅಜೀಜಾಬಿ. ಸೊಸೆ ಒಳಗಿನಿಂದಲೇ, ಕೋರ್ಟಿಗೆ ಹೋಗ್ರಿ ಅತ್ತಿ, ಎಂದಳು.

ಹೀಗೆ ದಾವೆ ಆಳಂದದ ಕೋರ್ಟಿಗೆ ಹೋಯಿತು. ತಾರೀಖಿನ ದಿನ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸು ಒಂದೇ. ಹೀಗಾಗಿ ವಾದಿ, ಪ್ರತಿವಾದಿ, ವಾದಿಯ ಜೊತೆಗೆ ನಾನು, ಮೂವರೂ ಅದರಲ್ಲೇ. ಕಲ್ಲಿನಾಥ ಕಿಟಕಿಯ ಆಚೆ ನೋಡುತ್ತಿದ್ದ, ನಾವು ಈಚೆ ನೋಡುತ್ತಿದ್ದೆವು. ಕೋರ್ಟಿನಲ್ಲಿ ಅವನ ಕಡೆಯವರದು ಒಂದೇ ಮಾತು: ಸರ್ಕಾರಿ ನಕಾಶೆಯಲ್ಲಿ ಅಲ್ಲಿ ದಾರಿಯೇ ಇಲ್ಲ. ನಮ್ಮ ವಕೀಲರದೂ ಒಂದೇ ಮಾತು: ನಕಾಶೆಯಲ್ಲಿ ಇಲ್ಲದಿದ್ದರೂ ತಲೆತಲಾಂತರದಿಂದ ನಡೆದ ದಾರಿಯನ್ನು ಕಾನೂನು ಒಪ್ಪುತ್ತದೆ. ಆದರೆ ನಡೆದದ್ದಕ್ಕೆ ಗುರುತು ಬೇಕಲ್ಲ? ಇದ್ದ ಗುರುತನ್ನು ಉತ್ತು ಬಿತ್ತಿಯಾಗಿತ್ತು. ನನಗೆ ಒಳಗೊಳಗೆ ಹೆದರಿಕೆ ಹತ್ತಿತು, ಅವಳಿಗೆ ಹೇಳಲಿಲ್ಲ.

ಜಡ್ಜ್ ಸಾಹೇಬರು ಸ್ಥಳ ನೋಡಿ ಬರಲು ಭಾಗ್ಯಜ್ಯೋತಿ ಎಂಬ ವಕೀಲೆಯನ್ನು ಕೋರ್ಟ್ ಕಮಿಷನರ್ ಮಾಡಿ ಕಳಿಸಿದರು. ಆಕೆ ಬಂದಾಗ ಚಳಿಗಾಲ. ಕಲ್ಲಿನಾಥನ ಬಿಳಿಜೋಳ ಎದೆಮಟ್ಟ ಬೆಳೆದು ನಿಂತಿತ್ತು. ಇಬ್ಬರ ಮಾತನ್ನೂ ಕೇಳಿದ ಆಕೆ ರಸ್ತೆಯ ಏರಿ ಹತ್ತಿ ಹೊಲದ ಕಡೆ ನೋಡುತ್ತ ನಿಂತರು. ನಾವೂ ಹತ್ತಿದೆವು. ನೋಡಿದರೆ, ಎದೆಮಟ್ಟದ ಹಸಿರು ಜೋಳದ ನಡುವೆ ಒಂದು ಬಂಡಿಯಗಲ ಜೋಳ ಮೊಣಕಾಲುದ್ದ ಮಾತ್ರ, ಅದೂ ಹಳದಿ. ಮುಳ್ಳು ಹಾಕಿದ ದಾರಿಯ ಬಾಯಿಂದ ಹಿಡಿದು ಅಜೀಜಾಬಿಯ ಹೊಲದ ಒಡ್ಡಿನ ತನಕ ಒಂದೇ ಪಟ್ಟಿ. ತಲೆಮಾರುಗಟ್ಟಲೆ ಗಾಲಿ ಹರಿದು ಗಟ್ಟಿಯಾದ ನೆಲ ಎರಡು ಸಲ ಉತ್ತರೆ ಮೆತ್ತಗಾಗುತ್ತದೆಯೇ?

"ಅಲ್ಲಿ ಮಳಿ ಕಮ್ಮಿ ಬಿದ್ದದರಿ, ಮೇಡಂ," ಎಂದ ಕಲ್ಲಿನಾಥ.

"ಮಳಿ ಹಿಂಗ ಬಂಡಿ ಅಗಲ ನೋಡ್ಕೊಂಡು ಕಮ್ಮಿ ಬೀಳ್ತದೇನ್ರಿ?" ಎನ್ನುತ್ತ ಆಕೆ ಫೋಟೊ ತೆಗೆದರು. ನೆರೆದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಮುಂದಿನ ತಿಂಗಳು ಆದೇಶವಾಯಿತು. ದಾವೆ ಪೂರ್ತಿ ಮುಗಿಯುವ ತನಕ ಬಂಡಿದಾರಿ ಬಿಡಬೇಕು, ಯಾರೂ ಅಡ್ಡಿ ಮಾಡಬಾರದು. ವಕೀಲರು ತಿಳಿಸಿ ಹೇಳಿದಾಗ ಅಜೀಜಾಬಿ ಕೋರ್ಟಿನ ಪಡಸಾಲೆಯಲ್ಲೇ ಎರಡೂ ಕೈ ಮೇಲೆತ್ತಿದಳು. "ಯಾ ಅಲ್ಲಾ, ಈಗ ಉಸುರು ಬಂತವ್ವ," ಎಂದು ನನ್ನ ಕೈ ಹಿಡಿದಳು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು.

ಅಜೀಜಾಬಿಯ ತೊಗರಿ ರಾಶಿಯ ದಿನ ಮಷಿನ್ ದಾರಿಯ ಬಾಯಿಗೆ ಬಂದು ನಿಂತಿತು. ಕಲ್ಲಿನಾಥ ಮುಳ್ಳು ಕಿತ್ತಿದ್ದ, ಜೋಳ ಕಿತ್ತಿರಲಿಲ್ಲ. ಆ ಗಿಡ್ಡ ಜೋಳವೂ ತೆನೆ ಬಿಟ್ಟು ಕಾಳು ಕಟ್ಟಿತ್ತು. ಅವನು ಕೈಕಟ್ಟಿಕೊಂಡು ದೂರದಲ್ಲಿ ನಿಂತಿದ್ದ.

"ಕೋರ್ಟಿನ ಹುಕುಂ ಅದ, ಹೊಡೀರಿ ಮ್ಯಾಲ," ಎಂದ ಮುಜಮ್ಮಿಲ. ನಾನೂ, ಹೊಡಿಯಪ್ಪ, ಎಂದೆ. ಅಜೀಜಾಬಿ ಮಷಿನ್ನಿಗೆ ಅಡ್ಡ ನಿಂತಳು.

"ತಡೀರಿ. ತೆನ್ಯಾಗ ಕಾಳ ಅದ. ತಿನ್ನೋ ಕಾಳಿನ ಮ್ಯಾಲ ಗಾಲಿ ಹಾಯಿಸ್ತಾರೇನು?"

ನನಗೆ ಮೈಯೆಲ್ಲ ಉರಿಯಿತು. ಎರಡು ವರ್ಷ ಮುಳ್ಳು ತುಳಿಸಿದವನ ಜೋಳಕ್ಕೆ ಇಷ್ಟು ಕನಿಕರವೇ? ಅವಳು ಸೀರೆಯ ಸೆರಗು ಸಿಕ್ಕಿಸಿ, ಕುಡಗೋಲು ಹಿಡಿದು ಕೊಯ್ಯತೊಡಗಿದಳು. ಕೊಯ್ದದ್ದನ್ನು ಸಿವುಡು ಕಟ್ಟಿ ಕಲ್ಲಿನಾಥನ ಹೊಲದ ಕಡೆಗೇ ಒಪ್ಪವಾಗಿ ಇಡುತ್ತ ಹೋದಳು. ಗೊಣಗುತ್ತ ನಾನೂ ಬಗ್ಗಿದೆ, ಮುಜಮ್ಮಿಲನೂ ಬಗ್ಗಿದ.

ಸ್ವಲ್ಪ ಹೊತ್ತಿಗೆ ಕಲ್ಲಿನಾಥ ನಮ್ಮ ಕಡೆ ಬಂದ. ಜಗಳಕ್ಕೇ ಬಂದ ಎಂದು ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. ಅವನ ಮುಖ ಸಣ್ಣದಾಗಿತ್ತು.

"ಬಿಡು ಚಾಚಿ, ಬಗ್ಗಬ್ಯಾಡ. ಕುಡಗೋಲು ನನ್ನ ಕೈಯಾಗ ಕೊಡು."

ಅಜೀಜಾಬಿ ಕುಡಗೋಲು ಬಿಡಲಿಲ್ಲ. "ನಿಂದು ತಗೊಂಡು ಬಾ ತಮ್ಮಾ. ಆ ಕಡಿಂದ ಹಚ್ಚು, ಲಗೂ ಮುಗಿತದ," ಎಂದಳು.

ಅವನು ಓಡಿಹೋಗಿ ತಂದ. ಆ ತುದಿಯಿಂದ ಅವನು, ಈ ತುದಿಯಿಂದ ಇವಳು. ಇಬ್ಬರೂ ನಡುದಾರಿಯಲ್ಲಿ ಎದುರುಬದುರಾದಾಗ ಮಷಿನ್ ಹೊರಟಿತು. ಬದಿಗೆ ಸರಿದು, ಎರಡು ವರ್ಷದ ಮೇಲೆ ಅದನ್ನು ತನ್ನ ಹೊಲದ ಒಳಗೆ ಬಿಟ್ಟ ಅಜೀಜಾಬಿ ಅಲ್ಲೇ ನೆಲಕ್ಕೆ ಕೂತು ಗಳಗಳನೆ ಅತ್ತಳು. ಕಲ್ಲಿನಾಥ ನೀರಿನ ಬಾಟಲಿ ಹಿಡಿದು, ಅವಳು ಅತ್ತು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದ.