ಅಕ್ಕನ ಸಾಲಿನಲ್ಲಿ ಮತ್ತೊಬ್ಬಳು

ಅಥಣಿಯ ಒಂದು ಹಾಲಿನ ಡೇರಿ ಕಚೇರಿಯಲ್ಲಿ ಕಂಪ್ಯೂಟರಿನಲ್ಲಿ ಸದಸ್ಯರ ಲೆಕ್ಕ ಇಡುವುದು ನನ್ನ ಕೆಲಸ. ಸುತ್ತಲಿನ ಊರುಗಳಿಂದ ಹಾಲು ಹಾಕುವ ಹೆಣ್ಣುಮಕ್ಕಳಿಗೆ ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ಗಂಡನ ಹೆಸರು, ಊರು, ಈ ಮೂರೂ ಕೂಡಿ ಎರಡು ಸಲ ಬರಬಾರದು ಎಂಬುದು ಕಟ್ಟುನಿಟ್ಟು. ಹೊಸ ಸಾಲು ಹಾಕಲು ಹೋದಾಗ ಆ ಮೂರೂ ಮೊದಲೇ ಇದ್ದರೆ ಯಂತ್ರ ತಕರಾರು ಮಾಡುವುದಿಲ್ಲ. ಹಳೆಯ ಸಾಲನ್ನೇ ಹಿಡಿದು ಅದರಲ್ಲಿ ಹೊಸ ಫೋಟೊ, ಹೊಸ ಬ್ಯಾಂಕ್ ಖಾತೆ ತುಂಬಿಬಿಡುತ್ತದೆ. ಯಾರನ್ನೂ ಕೇಳುವುದಿಲ್ಲ.

"ಹೆಸರು ನಂಬಬ್ಯಾಡ್ರಿ, ಆಧಾರ್ ನಂಬರ್ ಗುರ್ತು ಮಾಡ್ರಿ" ಎಂದು ಮ್ಯಾನೇಜರ್ ಮುಂದೆ ಬಾಯಿ ಬಡಿದುಕೊಂಡಿದ್ದೆ.

"ಒಂದ ಊರಾಗ, ಒಬ್ಬ ಗಂಡಗ, ಒಂದ ಹೆಸರಿನ ಇಬ್ರು ಹೆಂಡರು ಎಲ್ಲೆರ ಇರ್ತಾರೇನ್ರಿ?" ಎಂದು ಅವರು ನಕ್ಕರು. ಕುಳಿತವರೆಲ್ಲ ನಕ್ಕರು. ಇರುತ್ತಾರೆ ಸ್ವಾಮಿ, ನಮ್ಮ ಕಡೆ ಇರುತ್ತಾರೆ.

ನನ್ನ ಅಕ್ಕನನ್ನು ಐನಾಪುರಕ್ಕೆ ಕೊಟ್ಟಿತ್ತು. ಮದುವೆಯಲ್ಲಿ ತಾಟಿನ ಮೇಲೆ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವುದು ನಮ್ಮಲ್ಲಿನ ಪದ್ಧತಿ. ತವರಿನ ಹೆಸರು ಅಲ್ಲಿಗೆ ಮುಗಿಯಿತು. ಅವರಿಟ್ಟ ಹೆಸರು ಮೊದಮೊದಲು ನನಗೆ ಕಿವಿಗೆ ಕಡ್ಡಿ ಹಾಕಿದ ಹಾಗೆ ಆಗುತ್ತಿತ್ತು. ಆದರೆ ಅಕ್ಕ ಎರಡು ಎಮ್ಮೆ ಕಟ್ಟಿ, ಅದೇ ಹೆಸರಿನಲ್ಲಿ ಡೇರಿಯ ಸದಸ್ಯಳಾಗಿ, ಅದನ್ನು ತನ್ನದು ಮಾಡಿಕೊಂಡಳು. ಆಮೇಲೆ ಮೈಯೆಲ್ಲ ಹಳದಿಯಾಗುವ ಕಾಮಣಿ ಬಂದು ತೀರಿಕೊಂಡಳು. ಅವಳ ಸಾಲಿನ ಮುಂದೆ 'ನಿಧನ' ಎಂದು ನಾನೇ ಬರೆದೆ. ಇನ್ನೊಬ್ಬರು ಬರೆಯುವುದು ನನಗೆ ಬೇಕಿರಲಿಲ್ಲ.

ಅಕ್ಕನ ದಿವಸದ ಊಟ ಇನ್ನೂ ಅರಗಿರಲಿಲ್ಲ, ಅಕ್ಕನ ಅತ್ತೆ ನಮ್ಮ ಮನೆಗೆ ಬಂದು ಮಗನಿಗೆ ನನ್ನನ್ನು ಕೇಳಿದಳು. "ಮನಿ ನಿನಗ ಗೊತ್ತೈತಿ, ಎಮ್ಮಿ ಗೊತ್ತದಾವ. ಹೊಸಬರನ್ನ ತಂದು ಮತ್ತ ಕಲಿಸೂದು ಯಾರವ್ವಾ?"

"ಹೆಣ್ಣು ಹುಡುಕಾಕತ್ತಿದ್ದು ಮಗಗೋ, ಎಮ್ಮಿಗೋ?" ಎಂದೆ. ಅವ್ವ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಅತ್ತೆ ಚಹಾ ಮುಟ್ಟದೆ ಎದ್ದು ಹೋದಳು.

ಕೊನೆಗೆ ಅಕ್ಕನ ಗಂಡನಿಗೆ ರಾಯಬಾಗದ ಕಡೆಯ ಒಂದು ಹುಡುಗಿ ಸಿಕ್ಕಳು. ಅವ್ವನ ಕಾಟಕ್ಕೆ ಆ ಮದುವೆಗೂ ಹೋದೆ. ಅಕ್ಕಿಯ ತಾಟು ಬಂತು, ಉಂಗುರ ಬಂತು. ಅಕ್ಕನ ಗಂಡ ತಲೆ ಬಗ್ಗಿಸಿ ಬರೆದದ್ದು ಅಕ್ಕನ ಹೆಸರನ್ನು! ಯಾಕೆಂದು ಯಾರೋ ಕೇಳಿದ್ದಕ್ಕೆ ಅತ್ತೆ ಸಕ್ಕರೆ ಹಂಚುತ್ತಲೇ ಹೇಳಿದಳು: "ನನ್ನ ಬಾಯಿಗೆ ಅದ ರೂಢಿ ಆಗೇತಿ. ಡೇರಿಯಾಗೂ ಅದ ಹೆಸರು ಐತಿ. ಮತ್ತ ಯಾರು ಓಡ್ಯಾಡ್ತಾರ?" ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಕೈಗೂ ಸಕ್ಕರೆ ಬಂತು. ಸಕ್ಕರೆಯನ್ನು ಅಲ್ಲೇ ನೆಲಕ್ಕೆ ಚೆಲ್ಲಿ ಬಂದೆ.

ಕೆಲವು ದಿನಗಳಾದ ಮೇಲೆ ಆ ಹುಡುಗಿ ಒಬ್ಬಳೇ ಕಚೇರಿಗೆ ಬಂದಳು. ದವಾಖಾನೆಯ ನೆಪ ಹೇಳಿ ಬಂದಿದ್ದಳಂತೆ. ಸುಳ್ಳೇಕೆ, ಅವಳ ಮುಖ ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಅವಳು ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಮದುವೆಗೆ ಮುಂಚೆ ಬಟ್ಟೆ ಹೊಲಿಯುತ್ತಿದ್ದಾಗ ತೆಗೆಸಿದ್ದು, ಅವಳ ತವರಿನ ಹೆಸರಿನಲ್ಲಿತ್ತು.

"ಅಕ್ಕಾರ, ಹಾಲು ನಾನ ಹಿಂಡತೇನ್ರಿ. ಡೇರಿಯಾಗ ನನ್ನ ಹೆಸರಿಲೇನ ಹಾಕ್ರಿ. ಮನ್ಯಾಗ ಅವರು ಏನರ ಕರೀಲಿ. ಇಲ್ಲಿ ಒಂದ ಕಡಿಗ್ಯಾರ ನಾನು ನಾನ ಇರ್ತೇನಿ."

ನನ್ನ ಸಿಟ್ಟು ಎತ್ತ ಹೋಯಿತೋ ಗೊತ್ತಾಗಲಿಲ್ಲ. ಅವಳ ಹೆಸರು ಬೇರೆ ಆದ್ದರಿಂದ ಯಂತ್ರ ಸುಮ್ಮನೆ ಹೊಸ ಸಾಲು ಕೊಟ್ಟಿತು. ಅಕ್ಕನ ಸಾಲು ಅಕ್ಕನದಾಗಿಯೇ ಉಳಿಯಿತು. ಪರದೆಯನ್ನು ಅವಳ ಕಡೆ ತಿರುಗಿಸಿದೆ. ತನ್ನ ಹೆಸರು ಓದಿಕೊಂಡು ನಕ್ಕಳು. ಎಷ್ಟು ಚಂದದ ನಗು, ಹಾಳಾದ್ದು, ನನಗೇ ಅಳು ಬಂತು.

ಆದರೆ ಊರಿನಲ್ಲಿ ಹಾಲು ಅಳೆಯುವವನ ಬಳಿಯೂ ಒಂದು ಯಂತ್ರ ಇರುತ್ತದಲ್ಲ. ಅತ್ತೆ ಅವನ ಹತ್ತಿರ ಹೋಗಿ ಸೊಸೆಯ ಫೋಟೊ ಕೊಟ್ಟು, ಅಕ್ಕನ ಹೆಸರು ಹೇಳಿ ಬರೆಸಿದ್ದಳು. ಊರುಗಳ ಸಾಲುಗಳೆಲ್ಲ ಸಂಜೆಗೆ ನಮ್ಮ ಕಚೇರಿಗೆ ಬರುತ್ತವೆ. ಹೆಸರು, ಗಂಡ, ಊರು ಮೂರೂ ಹೊಂದಿದವು. ಮರುದಿನ ನೋಡುತ್ತೇನೆ, ಅಕ್ಕನ ಸಾಲಿನಲ್ಲಿ ಆ ಹುಡುಗಿಯ ಮುಖ! ಖಾತೆ ಮಾತ್ರ ಅಕ್ಕನ ಗಂಡನದು. ನಾನು ಬರೆದಿದ್ದ 'ನಿಧನ' ಅಳಿಸಿ ಹೋಗಿ 'ಚಾಲ್ತಿ' ಎಂದಾಗಿತ್ತು. ಸತ್ತವಳು ಹಾಲು ಹಾಕತೊಡಗಿದ್ದಳು, ಹಾಲು ಹಾಕುವವಳ ಸಾಲು ಖಾಲಿ ಬಿದ್ದಿತ್ತು.

ತಿದ್ದಿದೆ. ಸಂಜೆಗೆ ಮತ್ತೆ ಬಂದು ಕೂತಿತು. ಮತ್ತೆ ತಿದ್ದಿದೆ, ಮತ್ತೆ ಅದೇ. ಮ್ಯಾನೇಜರ್ ಬಳಿ ಹೋಗಿ ಎಲ್ಲ ಹೇಳಿದೆ.

"ಹಾಲು ಯಾವ ಸಾಲಿಗೆ ಬರಾಕತ್ತೇತಿ? ಅದ ಇರ್ಲಿ. ಖಾಲಿ ಇದ್ದದ್ದು ತಗದ ಹಾಕ್ರಿ."

"ಆಕಿ ಜೀವಂತ ಅದಾಳ್ರಿ. ಸತ್ತಾಕಿದು ಇಟ್ಟು ಆಕೀದು ತಗೀಬೇಕೇನ್ರಿ?"

"ಮನಿ ಮಂದೀನ ಒಪ್ಯಾರ, ನಿಮಗೇನ್ರಿ ತ್ರಾಸು?"

ನಾನು ತೆಗೆಯಲಿಲ್ಲ. ಬೇರೆಯವರಿಂದ ತೆಗೆಸಿದರು.

ದೀಪಾವಳಿಗೆ ಮುಂಚೆ ಸದಸ್ಯರಿಗೆಲ್ಲ ಸ್ಟೀಲಿನ ಕ್ಯಾನು ಹಂಚಿದೆವು. ಪರದೆ ನೋಡಿ ಹೆಸರು ಕರೆಯುವುದು ನನ್ನ ಪಾಲಿಗೆ ಬಂತು. ಐನಾಪುರದ ಪಾಳಿ ಬಂದಾಗ ಅಕ್ಕನ ಹೆಸರನ್ನು ದಾಟಿ ಕೆಳಗಿನ ಹೆಸರಿಗೆ ಹೋಗಲು ನೋಡಿದೆ. "ಕರೀರಿ ಮೇಡಂ, ಮಂದಿ ನಿಂತೇತಿ" ಎಂದು ಮ್ಯಾನೇಜರ್ ಗದರಿದರು. ಕರೆದೆ. ತೀರಿಕೊಂಡ ಮೇಲೆ ಆ ಹೆಸರನ್ನು ನಾನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು.

"ಬಂದೆ‌ನ್ರೀ" ಎಂಬ ದನಿ ಹಿಂದಿನಿಂದ ಬಂತು.

ಆ ಹುಡುಗಿ ಮುಂದೆ ಬಂದು ನಿಂತಳು. ಸೊರಗಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು. ನಾನು ಬಗ್ಗಿ, ಅವಳ ತವರಿನ ಹೆಸರು ಹಿಡಿದು ಮೆಲ್ಲಗೆ ಕರೆದೆ.

"ಹಂಗ ಕರೀಬ್ಯಾಡ್ರಿ ಅಕ್ಕಾರ" ಎಂದಳು ತಲೆ ಎತ್ತದೆ. "ಕೇಳಿದ್ರ ಮನ್ಯಾಗ ಮತ್ತ ಹೊಡೀತಾರ."

ಪೆನ್ನು ತೆಗೆದುಕೊಂಡು, ಕ್ಯಾನು ಪಡೆದವರು ಸಹಿ ಮಾಡುವ ಪುಸ್ತಕದಲ್ಲಿ ನನ್ನ ಅಕ್ಕನ ಹೆಸರನ್ನು ಎಲ್ಲಿಯೂ ತಡವರಿಸದೆ ಬರೆದು, ಕ್ಯಾನು ಎತ್ತಿಕೊಂಡು ಹೋದಳು.